ಒತ್ತುವರಿ

“ಇದು ದಾನಿಗಳ ಪಟ್ಟಿಯೋ, ಬೆಲ್ಲಕ್ಕೆ ಹೊರಟ ಇರುವೆಯ ಸಾಲೋ?” ಎಂದರು ಗಣಪಣ್ಣ.

ಜಗಲಿಯ ಗೋಡೆಗೆ ಸುಬ್ರಾಯ ತನ್ನ ಬಿಳಿ ಪಂಚೆಯನ್ನು ಕಟ್ಟಿದ್ದ. ಎದುರಿಗೆ ಅಡಿಕೆ ಚೀಲದ ಮೇಲೆ ಪ್ರೊಜೆಕ್ಟರು. ಊರ ಶಾಲೆಗೆ 50 ತುಂಬುತ್ತದೆ, ಭಾಷಣವೊಂದೇ ಸಾಲದು, ಪಿಪಿಟಿ ಆಗಲೇಬೇಕು ಎಂದು ಸಮಿತಿ ಠರಾವು ಮಾಡಿದೆ. ಶಿರಸಿ ಸೀಮೆಯಲ್ಲಿ ಈಗ ಉಪನಯನಕ್ಕೂ ವಟುವಿನ ಮೊದಲ ಹಲ್ಲಿನಿಂದ ಶುರುವಾಗುವ ಪಿಪಿಟಿ ಇರುತ್ತದೆ. ಬ್ರಹ್ಮೋಪದೇಶವೊಂದು ಇನ್ನೂ ಕಿವಿಯಲ್ಲೇ ನಡೆಯುತ್ತಿದೆ, ಪುಣ್ಯ.

“64 ದಾನಿಗಳು ಗಣಪಣ್ಣ. ಎಲ್ಲರೂ ಒಂದೇ ಸ್ಲೈಡಿನಲ್ಲಿ ಬರಬೇಕು” ಎಂದ ಸುಬ್ರಾಯ.

“ಎರಡು ಮಾಡು ಮಾರಾಯ.”

“ಎರಡನೆಯ ಸ್ಲೈಡಿಗೆ ಯಾರನ್ನು ಕಳಿಸಲಿ? ಎರಡನೆಯ ಪಂಕ್ತಿಗೆ ಕೂರಿಸಿದರೆಂದು ಊಟ ಬಿಟ್ಟು ಹೋದ ಮನೆಗಳು ಈ ಪಟ್ಟಿಯಲ್ಲೇ ಮೂರಿವೆ.”

ಮಾಸ್ತರರು ಹೌದೆಂದು ತಲೆಯಾಡಿಸಿದರು. ಆ ಮೂರರಲ್ಲಿ ಒಂದು ಅವರದೇ ಮನೆ.

ಬೆಂಗಳೂರಿನ ಕಂಪನಿಯ ಕೆಲಸವನ್ನು ಇದೇ ಜಗಲಿಯಲ್ಲಿ ಕೂತು ಮಾಡುವ ಪುಟ್ಟ ಕಾರಣ ಹುಡುಕಿ ಹೇಳಿದ. “ಮಾವ, ನೀವು ‘ಲೈನ್ ಸ್ಪೇಸಿಂಗ್’ನಲ್ಲಿ ‘ಎಕ್ಸಾಕ್ಟ್ಲಿ’ ಅಂತ ಆರಿಸಿ 14 ಪಾಯಿಂಟ್ ಕೊಟ್ಟಿದ್ದೀರಿ. ಅಕ್ಷರದ ಗಾತ್ರವೇ 18. ‘ಮಲ್ಟಿಪಲ್’ ಇಟ್ಟರೆ ಅಕ್ಷರ ದೊಡ್ಡದಾದಂತೆ ಸಾಲಿನ ಅಂತರವೂ ಬೆಳೆಯುತ್ತದೆ. ‘ಎಕ್ಸಾಕ್ಟ್ಲಿ’ ಇಟ್ಟರೆ ಏನೇ ಆದರೂ ಅಲುಗುವುದಿಲ್ಲ.”

“ನಮ್ಮ ತಹಶೀಲ್ದಾರ್ ಕಚೇರಿಯ ಹಾಗೆ” ಎಂದರು ಗಣಪಣ್ಣ.

ಗಣಪಣ್ಣ 30 ವರ್ಷ ಪೇಟೆಯ ಮುದ್ರಣಾಲಯದಲ್ಲಿ ಮೊಳೆ ಜೋಡಿಸಿದವರು. ಲೆಕ್ಕ ಅವರ ಬೆರಳಿನಲ್ಲೇ ಇದೆ. “ಅಂಗುಲಕ್ಕೆ 72 ಪಾಯಿಂಟು. ಸ್ಲೈಡಿನ ಎತ್ತರ ಎಷ್ಟೋ?”

“ಏಳೂವರೆ ಅಂಗುಲ, ಗಣಪಜ್ಜ.”

“ಅಲ್ಲಿಗೆ 540. ತಲೆಬರಹಕ್ಕೆ 90 ಬಿಡು. ಸಾಲಿಗೆ ಇಬ್ಬರಂತೆ ಕೂರಿಸಿದರೂ ಉಳಿದ 450ನ್ನು 32 ಸಾಲಿಗೆ ಹಿಸ್ಸೆ ಮಾಡು. ಒಬ್ಬೊಬ್ಬನಿಗೆ ಬರುವುದು 14 ಪಾಯಿಂಟು ಚಿಲ್ಲರೆ. 18ರ ಆಸಾಮಿಯನ್ನು 14ರ ಹಿಸ್ಸೆಯಲ್ಲಿ ಕೂರಿಸಿದರೆ ಅವನು ಕಾಲನ್ನು ಎಲ್ಲಿ ಚಾಚಬೇಕು? ನೋಡು ಅಲ್ಲಿ.”

ನೋಡಿದೆವು. ಪಂಚೆಯ ಮೇಲೆ ಮೇಲಿನಕೇರಿ ಭಟ್ಟರ ಟ ಒತ್ತು ಇಳಿದು ಬಂದು ಕೆಳಗಿನಕೇರಿ ಹೆಗಡೆಯವರ ಹೆಸರಿನ ಗುಡಿಸಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಿತ್ತು. ಇವರಿಬ್ಬರಿಗೂ ತೋಟದ ಕಾದಿಗೆಯ, ಅಂದರೆ ನೀರು ಬಸಿಯುವ ಕಾಲುವೆಯ, ವಿಷಯಕ್ಕೆ ಕೋರ್ಟಿನಲ್ಲಿ ವ್ಯಾಜ್ಯ ನಡೆಯುತ್ತಿದೆ ಎಂಬುದು ಇಡೀ ಊರಿಗೆ ಗೊತ್ತು.

“ಒತ್ತುವರಿ ಎಂದರೆ ಇದೇ” ಎಂದರು ಗಣಪಣ್ಣ. “ಒತ್ತು ಗಡಿ ದಾಟಿದರೆ ಒತ್ತುವರಿ. ಹೆಗಡೆ ನಾಳೆ ಈ ಪಂಚೆಯನ್ನೇ ಸಾಕ್ಷಿಯಾಗಿ ಹಾಜರುಪಡಿಸುತ್ತಾನೆ.”

“ನನ್ನ ಪಂಚೆ!” ಎಂದ ಸುಬ್ರಾಯ.

“ಇಂಗ್ಲಿಷಿಗೆ ಈ ತಾಪತ್ರಯ ಇಲ್ಲ” ಎಂದರು ಮಾಸ್ತರರು. “ಜಿ, ವೈ, ಪಿ ಅಂತ ನಾಲ್ಕೈದು ಅಕ್ಷರಗಳು ಬಾಲ ಇಳಿಬಿಡುತ್ತವೆ, ಅಷ್ಟೇ. ನಮ್ಮದಕ್ಕೆ ಮೇಲೆ ಗುಡಿಸು, ಎತ್ವ; ಕೆಳಗೆ ಒತ್ತು. ‘ರಾಷ್ಟ್ರ’ ಬರೆದರೆ ಒತ್ತಿಗೆ ಇನ್ನೊಂದು ಒತ್ತು.”

“ಅದಕ್ಕೇ ಇರಬೇಕು, ರಾಷ್ಟ್ರದ ಮಾತು ಬಂದಾಗಲೆಲ್ಲ ಕೆಳಗಿನವನಿಗೆ ಉಸಿರು ಕಟ್ಟುವುದು.”

ಪುಟ್ಟ ‘ಎಕ್ಸಾಕ್ಟ್ಲಿ’ ತೆಗೆದು ಮೊದಲಿದ್ದುದಕ್ಕೆ ತಂದ. ಅಲ್ಲೂ 0.9. ಪವರ್‌ಪಾಯಿಂಟಿನ ಆಫೀಸ್ ಥೀಮಿನಲ್ಲಿ ಹುಟ್ಟಿನಿಂದಲೇ ಅಷ್ಟು, ಒಂದಕ್ಕೂ ಒಂದಿಷ್ಟು ಕಡಿಮೆ. ಸಾಲದ್ದಕ್ಕೆ, ಪಠ್ಯ ಪೆಟ್ಟಿಗೆ ಮೀರಿದರೆ ‘ಆಟೋಫಿಟ್’ ಎಂಬುದೊಂದು ಅಕ್ಷರವನ್ನೂ ಅಂತರವನ್ನೂ ಯಾರನ್ನೂ ಕೇಳದೆ ಕುಗ್ಗಿಸುತ್ತದೆಯಂತೆ.

“ಕೇಳದೆಯೇ?”

“ಕೇಳದೆಯೇ.”

“ಅಡಿಕೆ ಗಿಡವನ್ನು ಹಾಗೆ ನೆಟ್ಟು ನೋಡು” ಎಂದರು ಗಣಪಣ್ಣ. “ಗಿಡದಿಂದ ಗಿಡಕ್ಕೆ 9 ಅಡಿ. ಆಸೆಗೆ ಬಿದ್ದು 6 ಅಡಿಗೆ ನೆಟ್ಟರೆ ಬಿಸಿಲಿಗಾಗಿ ಒಂದರ ಮೇಲೊಂದು ಏರಿ ಬಿದಿರುಕೋಲಿನ ಹಾಗೆ ಸಣಕಲಾಗುತ್ತವೆ. ಮಳೆಗಾಲದಲ್ಲಿ ಗಾಳಿಯಾಡದೆ ಕೊಳೆ ಬಂದರೆ ಬೋರ್ಡೋ ಮದ್ದು ಹೊಡೆದೂ ಹೊಡೆದೂ ಮರ ಹತ್ತುವ ಕೊನೆಗೌಡನಿಗೆ ಸಾಕಾಗುತ್ತದೆ. ನಿನ್ನ ಸ್ಲೈಡಿಗೆ ಬಂದಿರುವುದೂ ಕೊಳೆ ರೋಗವೇ ಸುಬ್ರಾಯ. ಇದಕ್ಕೆ ಮದ್ದು ಹೊಡೆಯುವುದಲ್ಲ, ಗಿಡ ತೆಗೆಯುವುದು.”

“ದಾನಿಯನ್ನು ತೆಗೆಯಲೇ? ರಸೀದಿ ಕೊಟ್ಟಾಗಿದೆ!”

ಮಾತು ಅಲ್ಲಿಂದ ರಸೀದಿಗೆ, ರಸೀದಿಯಿಂದ ಈ ಸಲದ ಚಾಲಿ ಅಡಿಕೆಯ ದರಕ್ಕೆ ಹೋಗಿ, ಒಳಗಿನಿಂದ ಕಷಾಯ ಬಂದ ಮೇಲೆ ಮರಳಿ ಪಂಚೆಗೆ ಬಂತು. ಕಡೆಗೆ ಒಪ್ಪಂದವಾಯಿತು: ನಾಲ್ಕು ಸ್ಲೈಡು, ಅಕಾರಾದಿ ಕ್ರಮ, ಅಂತರ 1.2. ಮುನಿಸೇನಿದ್ದರೂ ವರ್ಣಮಾಲೆಯ ಮೇಲೆ. ಭಟ್ಟರೂ ಹೆಗಡೆಯವರೂ ಬೇರೆ ಬೇರೆ ಸ್ಲೈಡಿಗೆ ಬಿದ್ದು, ಕೋರ್ಟಿಗೆ ಆಗದ್ದು ಪುಟ್ಟನಿಂದ ಆಯಿತು.

“ನಾವು ಸಾಲಿನ ನಡುವೆ ಸೀಸದ ಪಟ್ಟಿ ಇಡುತ್ತಿದ್ದೆವು” ಎಂದರು ಗಣಪಣ್ಣ ಕವಳ ಕಟ್ಟುತ್ತ. “ಅಂತರಕ್ಕೂ ಒಂದು ತೂಕ ಇತ್ತು. ಪುಟ ತುಂಬದಿದ್ದರೆ ಇನ್ನಷ್ಟು ಪಟ್ಟಿ ಸೇರಿಸಿ ಎಳೆಯುತ್ತಿದ್ದೆವು. ಓದುವವನಿಗೆ ತಿಳಿಯುತ್ತಿರಲಿಲ್ಲ.”

“ಇನ್ನೊಂದೇ ಸ್ಲೈಡು ಉಳಿದಿದೆ” ಎಂದ ಸುಬ್ರಾಯ. “ಈ ವರ್ಷದ ವಿದ್ಯಾರ್ಥಿಗಳು.”

ಪುಟ್ಟ ಗುಂಡಿ ಒತ್ತಿದ. ಏಳು ಹೆಸರು. ಪಂಚೆಯ ಮೇಲಿನ ಅರ್ಧದಲ್ಲೇ ಮುಗಿದುಹೋದವು. ಮಾಸ್ತರರು ಆ ಶಾಲೆಗೆ ಸೇರಿದ ವರ್ಷ ಒಂದನೆಯ ತರಗತಿಯೊಂದರಲ್ಲೇ 23 ಮಕ್ಕಳಿದ್ದರು. ಅವರು ಇದನ್ನು ಮೂರು ಸಲ ಹೇಳಿದರು.

“ಕೆಳಗೆ ಖಾಲಿ ಕಾಣುತ್ತದೆ. ಬಿಇಒ ಬೇರೆ ಬರುತ್ತಾರೆ” ಎಂದ ಸುಬ್ರಾಯ. “ಸ್ವಲ್ಪ ಬಿಡಿಸಿ ಹಾಕು.”

ಪುಟ್ಟ 1.5 ಮಾಡಿದ. ಆಮೇಲೆ 2. ಆಮೇಲೆ 2.5. ಆ ಪಟ್ಟಿಯಲ್ಲಿ ಕೊನೆಯದು 3.0, ಅದನ್ನೂ ಒತ್ತಿದ.

“ಹಾಂ, ಈಗ ತುಂಬಿತು” ಎಂದ ಸುಬ್ರಾಯ.

ಗಣಪಣ್ಣ ಏನೂ ಹೇಳಲಿಲ್ಲ. ಬಾಯಿತುಂಬ ಕವಳವಿತ್ತು. ಪಂಚೆಯ ಮೇಲೆ ಏಳು ಹೆಸರು ದೂರ ದೂರ ನಿಂತಿದ್ದವು. ಪ್ರಜ್ಞಾಳ ಒತ್ತು, ದತ್ತಾತ್ರೇಯನ ಒತ್ತು ಕೆಳಗಿಳಿದು, ಯಾರಿಗೂ ತಾಗದೆ ತೂಗುತ್ತಿದ್ದವು.