ರಾವಣ ಬಿದ್ದ ಮೇಲೆ ಉಪ್ಪು

ಮುಳಬಾಗಿಲು ಸೀಮೆಯ ಒಂದು ಅರಳಿಕಟ್ಟೆ. ವಾಲ್ಮೀಕಿ ಜಯಂತಿಗೆ ಇನ್ನು ನಾಲ್ಕೇ ದಿನ. ಕೂತವರು ಮೇಷ್ಟ್ರು, ಅಡುಗೆ ಮುನಿಯಪ್ಪ, ಶಾಮಿಯಾನದ ಸೀನ, ಟ್ರಾಕ್ಟರ್ ಚಲಪತಿ. ಹಬ್ಬ ಒಂದೇ ಆದರೂ ಚಿಂತೆ ನಾಲ್ಕು ಥರ.

"ಹೋದ ಸಲ ಒಂದು ತಾರೀಕು, ಈ ಸಲ ಇನ್ನೊಂದು. ವಾಲ್ಮೀಕಿ ಎಷ್ಟು ಸಲ ಹುಟ್ಟಿದ್ದು ಸಾ?" ಸೀನ ಕೆದಕಿದ.

"ಒಂದೇ ಸಲ ಕಣಯ್ಯ. ಆಶ್ವಯುಜ ಹುಣ್ಣಿಮೆ, ಸೀಗೆ ಹುಣ್ಣಿಮೆ ಅಂತೀವಲ್ಲ, ಅದು. ವಿಜಯದಶಮಿ ಆಗಿ ಐದನೇ ದಿನ. ಜಾರೋದು ಇಂಗ್ಲಿಷ್ ತಾರೀಕು. 2023ರಲ್ಲಿ ಅಕ್ಟೋಬರ್ 28, 2024ರಲ್ಲಿ 17, 2025ರಲ್ಲಿ 7. ಅಧಿಕ ಮಾಸ ಬಂದ ವರ್ಷ ಮತ್ತೆ ತಿಂಗಳ ಕೊನೆಗೆ ನೆಗೆಯುತ್ತೆ."

"ಆಯುಧಪೂಜೆ ದಾಟಿದ ಮೇಲೆ ಬಂದಿದ್ದು ಪುಣ್ಯ. ಚೆಂಡುಹೂವಿನ ಬೆಲೆ ಇಳಿದಿರುತ್ತೆ."

"ಬೆಲೆ ಇಳೀತು ಅಂತ ಆಳೆತ್ತರದ ಹಾರ ತರ್ತೀಯ, ಮೆರವಣಿಗೆ ಟ್ರೇಲರ್ ಮೇಲಿನ ವಾಲ್ಮೀಕಿ ಪಟ ಮುಗ್ಗರಿಸುತ್ತೆ," ಅಂದ ಚಲಪತಿ. "ಚೆಂಡುಹೂವಿಗೆ ನೀರು ಚಿಮುಕಿಸಿದ್ರೆ ತೂಕ ಇನ್ನೂ ಜಾಸ್ತಿ. ಚೌಕಟ್ಟಿನ ಕೊಂಡಿಗೆ ಹಾರ ಹಾಕಲೇಬಾರದು. ಹಿಂದೆ ಒಂದು ಹಲಗೆ ನಿಲ್ಲಿಸಿ, ಪಟವನ್ನ ಅದಕ್ಕೆ ನಾಲ್ಕು ಕಡೆ ಬಿಗಿದು, ಹಾರಕ್ಕೆ ಹಲಗೆಯಲ್ಲೇ ಬೇರೆ ಎರಡು ಮೊಳೆ. ಆಮೇಲೆ ಹಂಪ್ ಬರಲಿ, ಹಳ್ಳ ಬರಲಿ, ಮಹರ್ಷಿಗಳು ಅಲ್ಲಾಡಲ್ಲ."

"ಎತ್ತರ ನೋಡ್ಕೊಂಡಿದ್ದೀಯ?"

"ಟ್ರೇಲರ್ ಹಾಸು ಮೂರೂವರೆ ಅಡಿ, ಪೀಠ ಎರಡು, ಪಟ ನಾಲ್ಕು, ಮೇಲೆ ಸೀನನ ಕಮಾನು ಮೂರು. ಒಟ್ಟು ಹನ್ನೆರಡೂವರೆ. ಅದರ ಮೇಲೆ ಬಾವುಟ ಹಿಡಿದ ಹುಡುಗ ಒಬ್ಬ ಹತ್ತಿದ ಅಂದ್ರೆ ಜೋತು ಬಿದ್ದ ಕರೆಂಟ್ ತಂತಿಗೆ ನೇರ ಪರಿಚಯ. ಕೋಲಲ್ಲಿ ತಂತಿ ಎತ್ತೋ ಶೂರರು ಬೇರೆ ಇರ್ತಾರೆ. ಅದೆಲ್ಲ ಬೇಡ. ಕಮಾನಿಗೆ ಹಿಂಜ್ ಹಾಕಿಸು, ಮಡಚೋ ಹಂಗಿರಲಿ. ಹಿಂದಿನ ದಿನವೇ ದಾರಿ ಪೂರ್ತಿ ನಡೆದು ನೋಡಿ ಲೈನ್‌ಮನ್‌ಗೆ ಹೇಳಬೇಕು."

ತಮಟೆ ಆರು ಸಾಕು ಅಂತಾಯ್ತು. ಆದರೆ ಹೊರಡೋ ಮುಂಚೆ ಕಾಲು ಗಂಟೆ ಹುಲ್ಲಿನ ಬೆಂಕಿಗೆ ಹಿಡೀಲೇಬೇಕು. ಇಬ್ಬನಿಗೆ ಚರ್ಮ ಸಡಿಲವಾದರೆ ಸದ್ದು ಒದ್ದೆ ಗೋಣಿಚೀಲಕ್ಕೆ ಬಡಿದಂಗೆ. ಅತಿಯಾಗಿ ಕಾಯಿಸಿದರೆ ಚರ್ಮವೇ ಬಿರಿಯುತ್ತೆ.

"ಈಗ ನನ್ನ ವಿಷಯಕ್ಕೆ ಬರ್ತೀರಾ?" ಮುನಿಯಪ್ಪ ಕಟ್ಟೆ ಮೇಲೆ ಮುಂದಕ್ಕೆ ಸರಿದ. ಇಷ್ಟು ಹೊತ್ತು ಸುಮ್ಮನಿದ್ದದ್ದೇ ದೊಡ್ಡದು. "ಮುನ್ನೂರು ಜನ. ಪಾನಕ ಅರವತ್ತು ಲೀಟರ್, ಬೆಲ್ಲ ಒಂಬತ್ತು ಕೆಜಿ. ಮೊದಲು ಸ್ವಲ್ಪ ನೀರಲ್ಲಿ ಕರಗಿಸಿ ಬಟ್ಟೇಲಿ ಸೋಸಬೇಕು, ಇಲ್ಲಾಂದ್ರೆ ಕೊನೇ ಲೋಟದವರ ಬಾಯಲ್ಲಿ ಮರಳು. ಏಲಕ್ಕಿ ಐವತ್ತು ಗ್ರಾಂ, ಒಣಶುಂಠಿ ನೂರು. ನಿಂಬೆಹಣ್ಣು ಅರವತ್ತು, ಹಂಚೋ ಮುಂಚೆ ಹಿಂಡೋದು. ಬೀಜ ಒಳಗೆ ಬಿದ್ದು ನೆನೆದ್ರೆ ಕಹಿ. ಪಾನಕದ್ದು ಇಷ್ಟೇ. ತಲೆನೋವು ಕೋಸಂಬರಿದು."

"ಹೆಸರುಬೇಳೆ ನೆನೆಸೋಕೆ ತಲೆನೋವಾ?"

"ನಾಲ್ಕು ಕೆಜಿ ಬೇಳೆ, ನೆನೆದ್ರೆ ಹತ್ತಿರತ್ತಿರ ಎಂಟು. ಒಂದು ಗಂಟೆ ಸಾಕು. ಬೆಳಿಗ್ಗೇನೇ ನೆನೆಹಾಕಿದ್ರೆ ಮಧ್ಯಾಹ್ನಕ್ಕೆ ಹುಳಿ ವಾಸನೆ. ಸೌತೆಕಾಯಿ ಆರು ಕೆಜಿ, ಕ್ಯಾರೆಟ್ ಎರಡು, ತೆಂಗಿನಕಾಯಿ ಎಂಟು. ಇದೆಲ್ಲಾ ಸರಿ. ಉಪ್ಪು ಬಿದ್ದ ಹತ್ತು ನಿಮಿಷಕ್ಕೆ ಸೌತೆಕಾಯಿ ನೀರು ಬಿಡುತ್ತೆ. ಅರ್ಧ ಗಂಟೆಗೆ ಅದು ಕೋಸಂಬರಿ ಅಲ್ಲ, ಸಾರು. ಅದಕ್ಕೇ ಕೇಳ್ತಿದ್ದೀನಿ ಮೇಷ್ಟ್ರೇ, ಭಾಷಣ ಎಷ್ಟೊತ್ತಿಗೆ ಮುಗಿಯುತ್ತೆ?"

ಮೇಷ್ಟ್ರು ಆಕಾಶ ನೋಡಿದರು. ಈ ಪ್ರಶ್ನೆಗೆ ಪಂಚಾಂಗದಲ್ಲೂ ಉತ್ತರವಿಲ್ಲ.

"ರಾಮಾಯಣ 24,000 ಶ್ಲೋಕ, ಏಳು ಕಾಂಡ ಕಣಪ್ಪ. ಮಾತಾಡೋರು ಹುರುಪಿಗೆ ಬಿದ್ರೆ..."

"ಹಂಗಾದ್ರೆ ಕಾಂಡದ ಲೆಕ್ಕದಲ್ಲೇ ಅಡುಗೆ. ಮೆರವಣಿಗೆ ಹೊರಟಾಗ ಬೇಳೆ ನೀರಿಗೆ. ಬಾಲಕಾಂಡ ಶುರುವಾದಾಗ ಜರಡಿಗೆ, ನೀರು ಪೂರ್ತಿ ಇಳಿಯಬೇಕು. ಅರಣ್ಯಕಾಂಡದಲ್ಲಿ ಶೂರ್ಪಣಖಿ ಮೂಗು ಕೊಯ್ದಾಗ ನಾನು ಸೌತೆಕಾಯಿ ಕೊಯ್ತೀನಿ. ಕಿಷ್ಕಿಂಧೆಗೆ ತೆಂಗಿನಕಾಯಿ ತುರಿ. ಲಂಕೆಗೆ ಬೆಂಕಿ ಬಿದ್ದಾಗ ನಂದೂ ಒಗ್ಗರಣೆ: ಸಾಸಿವೆ, ಹಸಿಮೆಣಸಿನಕಾಯಿ, ಕರಿಬೇವು, ಇಂಗು. ಯುದ್ಧಕಾಂಡ ಮುಗಿಯೋ ಹೊತ್ತಿಗೆ ಅದು ಆರಿರುತ್ತೆ. ಬಿಸಿಬಿಸಿ ಸುರಿದ್ರೆ ಸೌತೆಕಾಯಿ ಬಾಡುತ್ತೆ. ರಾವಣ ಬಿದ್ದ, ಉಪ್ಪು ಬಿತ್ತು, ದೊನ್ನೆ ಹೊರಟಿತು."

"ಉತ್ತರಕಾಂಡ?"

"ಅದನ್ನ ತಿಂತಾ ಕೇಳಲಿ."

ಸೀನನಿಗೆ ವೇದಿಕೆ ನೆನಪಾಯಿತು. "ಥರ್ಮಾಕೋಲ್ ಹುತ್ತ ಮಾಡಿಸಿದ್ದೀನಿ ಸಾ. ಅದರೊಳಗಿಂದ ಋಷಿ ಎದ್ದು ಬರೋದು, ಲೈಟಿಂಗ್ ಸಮೇತ. ಮೊದಲು ದರೋಡೆ ಸೀನು..."

"ದರೋಡೆ ಕೈಬಿಡು. ವಲ್ಮೀಕ ಅಂದ್ರೆ ಹುತ್ತ, ನಿಜ. ಆದರೆ ದಾರಿಗಳ್ಳನ ಕಥೆ ವಾಲ್ಮೀಕಿ ಬರೆದ ರಾಮಾಯಣದಲ್ಲೇ ಇಲ್ಲ, ಬೇರೆ ಗ್ರಂಥಗಳಿಂದ ಬಂದದ್ದು. ಉತ್ತರಕಾಂಡದಲ್ಲಿ ಅವರು ತಮ್ಮನ್ನ ಪ್ರಚೇತಸನ ಹತ್ತನೇ ಮಗ ಅಂತ ಹೇಳ್ಕೋತಾರೆ. ಜಯಂತಿ ದಿನ ಅವರ ಪಟದ ಮುಂದೇನೇ ಅವರನ್ನ ಕಳ್ಳ ಮಾಡ್ತೀಯಾ? ಅದರ ಬದಲು ಇಲ್ಲೇ ಇರೋ ಆವಣಿ ಬೆಟ್ಟ ತೋರಿಸು. ಅಲ್ಲಿ ಸೀತಮ್ಮನ ಗುಡಿ ಇದೆ, ಲವಕುಶರು ಹುಟ್ಟಿದ್ದೂ ವಾಲ್ಮೀಕಿ ಆಶ್ರಮ ಇದ್ದದ್ದೂ ಅಲ್ಲೇ ಅನ್ನೋ ಸ್ಥಳಪುರಾಣ ಇದೆ."

"ಹಂಗಾದ್ರೆ ರಾಮಾಯಣದಲ್ಲಿ ಆಶ್ರಮದ ಹತ್ತಿರ ಹರಿಯೋ ತಮಸಾ ನದೀನೂ ಮುಳಬಾಗಿಲಲ್ಲೇ ಹರಿಸಿಬಿಡೋಣ. ಕೆರೆಗಾದ್ರೂ ನೀರು ಬರುತ್ತೆ."

"ಅದು ಉತ್ತರದ ನದಿ, ಅಲ್ಲೇ ಇರಲಿ ಬಿಡು. ಸ್ಥಳಪುರಾಣವನ್ನ ಸ್ಥಳಪುರಾಣ ಅಂತ ಹೇಳು, ಕಾವ್ಯದ್ದನ್ನ ಕಾವ್ಯದ್ದು ಅಂತ. ಎರಡನ್ನೂ ಒಂದೇ ಉಸಿರಲ್ಲಿ ಹೇಳಿದ್ರೆ ಹೀಗೇ ಆಗೋದು." ಮೇಷ್ಟ್ರು ಟವೆಲ್ ಕೊಡವಿ ಎದ್ದರು. "ಅಂದಹಾಗೆ ಮುನಿಯಪ್ಪ, ಒಂದು ಮರೆತಿದ್ದೆ. ಈ ಸಲ ಭಾಷಣಕ್ಕೆ ಏಳು ಕಾಂಡ ಇಲ್ಲ. ಹಕ್ಕಿಗೆ ಬಾಣ ಬಿಟ್ಟ ಬೇಟೆಗಾರನಿಗೆ ವಾಲ್ಮೀಕಿ ಶಾಪ ಕೊಟ್ಟ 'ಮಾ ನಿಷಾದ' ಒಂದೇ ಶ್ಲೋಕ. ನಾಲ್ಕು ಪಾದ, ಪಾದಕ್ಕೆ ಎಂಟು ಅಕ್ಷರ, ಒಟ್ಟು 32."

"ಲಂಕೆ?"

"ಬರಲ್ಲ."

"ರಾವಣ?"

"ಅವನೂ ಇಲ್ಲ. ಒಬ್ಬ ಬೇಟೆಗಾರ, ಒಂದು ಜೋಡಿ ಕ್ರೌಂಚ ಹಕ್ಕಿ. ಅಷ್ಟೇ."

ಮುನಿಯಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. ಮತ್ತೆ ಬಿಚ್ಚಿದ.

"ಹಕ್ಕಿಗೆ ಬಾಣ ಎಷ್ಟನೇ ಅಕ್ಷರಕ್ಕೆ ತಗಲುತ್ತೆ ಸಾ?"