ಎಚ್‌ಐವಿ ತಡೆಯುವ ಸಂಘದಲ್ಲಿ ಕೌನ್ಸೆಲರ್ ಕೆಲಸ ಸಿಕ್ಕಿದೆ. ಅಲ್ಲಿರುವವರು ಎಂಥ ಜನ?

ಪೂರ್ವಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಈ ವರ್ಷ ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯೂ ಮುಗಿಸಿದೆ. ಪಕ್ಕದ ಜಿಲ್ಲೆಯ ಒಂದು ಸಂಘದಲ್ಲಿ ಕೌನ್ಸೆಲರ್ ಕೆಲಸಕ್ಕೆ ಕರೆದಿದ್ದಾರೆ. ಸಂಘ ನಡೆಸುವವರೇ ಲೈಂಗಿಕ ಕಾರ್ಯಕರ್ತೆಯರು. ಅಧ್ಯಕ್ಷೆ, ಖಜಾಂಚಿ ಎಲ್ಲಾ ಅವರೇ. ಮ್ಯಾನೇಜರ್, ಅಕೌಂಟೆಂಟ್ ಮಾತ್ರ ಹೊರಗಿನವರು. ನಾನು ಸೇರಿದರೆ ನಾನೂ ಹೊರಗಿನವಳು.

ಅಮ್ಮನಿಗೆ ಹೇಳಿದಾಗಿನಿಂದ ಮನೆಯಲ್ಲಿ ಊಟದ ಹೊತ್ತಿಗೆ ಮಾತಿಲ್ಲ. "ನಾಳೆ ಗಂಡಿನ ಕಡೆಯವರು ಎಲ್ಲಿ ಕೆಲಸ ಅಂತ ಕೇಳಿದರೆ ಏನು ಹೇಳಲಿ?" ಅನ್ನುತ್ತಾರೆ. ಅಪ್ಪನಿಗೆ ಸಂಬಳದ ಚಿಂತೆ. ನನ್ನ ಚಿಂತೆಯೇ ಬೇರೆ. ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಪುಸ್ತಕದ ಪ್ರಶ್ನೆ ಕೇಳಿದರು. ವಿಂಡೋ ಪೀರಿಯಡ್ ಅಂದರೇನು, ಎಚ್‌ಐವಿ ಕಾಯ್ದೆ ಯಾವ ವರ್ಷದ್ದು, ಅಂಥವು. ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸು, ಐವತ್ತು ದಾಟಿರಬಹುದು, ಒಂದೇ ಒಂದು ಕೇಳಿದರು. "ಸಂತೆಯಲ್ಲಿ ನಾನು ಎದುರಿಗೆ ಬಂದರೆ ಮಾತಾಡಿಸ್ತೀಯಾ?" ಖಂಡಿತ ಮಾತಾಡಿಸ್ತೀನಿ ಅಂದೆ. ಅವರು ನಕ್ಕು, "ಬೇಡ, ಮಾತಾಡಿಸಬೇಡ" ಅಂದರು. ಆಮೇಲೂ ಕೆಲಸ ಕೊಟ್ಟರು!

ಇಂಥ ಕಡೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಅಲ್ಲಿ ಯಾರ್ಯಾರು ಇರುತ್ತಾರೆ? ನಿಜವಾಗಿ ಕೆಲಸ ನಡೆಸುವವರು ಯಾರು?

ಲೆಕ್ಕದವನು

ಇಂಥದ್ದೇ ಒಂದು ಯೋಜನೆಯಲ್ಲಿ ಅಕೌಂಟೆಂಟ್ ಆಗಿದ್ದೆ. ನಿಮ್ಮ ತಂದೆಯವರ ಪ್ರಶ್ನೆಗೆ ಮೊದಲು ಉತ್ತರ. ದುಡ್ಡು ಬರುವುದು ನ್ಯಾಕೋದಿಂದ, ಅಂದರೆ ಕೇಂದ್ರ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆಯಿಂದ, ರಾಜ್ಯದ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಮೂಲಕ. ಕಾಂಟ್ರಾಕ್ಟ್ ಕೆಲಸ. ಗ್ರಾಂಟ್ ತಡವಾದರೆ ಸಂಬಳವೂ ತಡ. ನಾನಿದ್ದ ಕಡೆ ಒಮ್ಮೆ ದಸರಾ ಹೋಗಿ ದೀಪಾವಳಿ ಬಂದರೂ ದುಡ್ಡು ಬಂದಿರಲಿಲ್ಲ. ಕೈಯಲ್ಲಿ ಎರಡು ಮೂರು ತಿಂಗಳ ಖರ್ಚು ಇಟ್ಟುಕೊಂಡು ಸೇರಿ. ಪಿಯರ್ ಅಂದರೆ ಅದೇ ವೃತ್ತಿಯವರಾಗಿದ್ದು ತಮ್ಮವರ ನಡುವೆ ಕೆಲಸ ಮಾಡುವವರು. ಅವರಿಗಂತೂ ಸಂಬಳ ಅನ್ನುವುದೂ ಇಲ್ಲ, ಗೌರವಧನ. ಅದು ಎಷ್ಟು ಅಂತ ಇಲ್ಲಿ ಬರೆಯಲು ನನಗೇ ನಾಚಿಕೆ.

ಸಿಬ್ಬಂದಿ ಅಂದರೆ ಒಬ್ಬ ಮ್ಯಾನೇಜರ್, ಒಬ್ಬ ಕೌನ್ಸೆಲರ್, ನನ್ನಂಥ ಒಬ್ಬ ಲೆಕ್ಕದವನು, ಕೆಲವರು ಓಆರ್‌ಡಬ್ಲ್ಯೂ, ಅಂದರೆ ಫೀಲ್ಡಿನಲ್ಲಿ ಪಿಯರ್‌ಗಳ ಕೆಲಸ ನೋಡಿಕೊಳ್ಳುವವರು. ಅವರ ಕೆಳಗೆ ಪಿಯರ್‌ಗಳು, ಒಬ್ಬೊಬ್ಬರಿಗೆ ಸುಮಾರು 60 ಜನರ ಪಟ್ಟಿ. "ಕೆಳಗೆ" ಅಂತ ಕಾಗದದಲ್ಲಿದೆ, ಅಷ್ಟೇ.

ಸುಮ್ನೆ ಕೇಳಿದೆ

ಬೇಜಾರಾಗಬೇಡಿ. ಇದೆಲ್ಲಾ ಫಾರಿನ್ ದುಡ್ಡಿನ ಆಟ ಅಲ್ವಾ? ನಿರೋಧ್ ಹಂಚಿದರೆ ದಂಧೆ ಇನ್ನೂ ಜಾಸ್ತಿ ಆಗಲ್ವಾ?

ಹಾಸನದ ಅಕ್ಕ

ಪೂರ್ವಿ ತಂಗಿ, ನಾನು ಹೆಚ್ಚು ಓದಿದವಳಲ್ಲ. ಫೋನಿಗೆ ಹೇಳಿ ಬರೆಸುತ್ತಿದ್ದೇನೆ. ನಾನು ಅದೇ ವೃತ್ತಿಯಲ್ಲಿದ್ದವಳು. ಆಮೇಲೆ ಪಿಯರ್ ಆದೆ, ಈಗ ಓಆರ್‌ಡಬ್ಲ್ಯೂ. ನಮ್ಮ ಸಂಘಕ್ಕೆ ಎಷ್ಟೋ ಕೌನ್ಸೆಲರ್ ಬಂದರು, ಹೋದರು. ನಾವು ಇದ್ದೇವೆ. ಅದಕ್ಕೇ ನಾನು ಹೇಳಿದರೆ ಸರಿ.

ಸಂತೆಯ ಮಾತು ಮೊದಲು. ಆ ಹೆಂಗಸು ನಿನಗೆ ಕೆಲಸದ ಮೊದಲ ಪಾಠ ಹೇಳಿದ್ದಾಳೆ. ನೀನು ಆ ಆಫೀಸಿನ ಹುಡುಗಿ ಅಂತ ಊರಿಗೆಲ್ಲಾ ಬೇಗ ಗೊತ್ತಾಗುತ್ತದೆ. ಸಂತೆಯಲ್ಲಿ ನನ್ನ ಜೊತೆ ನನ್ನ ಸೊಸೆ ಇರುತ್ತಾಳೆ, ಅವಳಿಗೆ ನನ್ನ ವಿಷಯ ಗೊತ್ತಿಲ್ಲ. ನೀನು ಬಂದು "ಅಕ್ಕಾ ಚೆನ್ನಾಗಿದ್ದೀರಾ" ಅಂದರೆ ಮನೆಗೆ ಹೋಗಿ ನಾನು ಏನು ಹೇಳಲಿ? ನಾವು ನೋಡಿ ನಕ್ಕರೆ ನಗು. ಇಲ್ಲದಿದ್ದರೆ ಟೊಮೇಟೊ ಎಷ್ಟು ಅಂತ ಕೇಳಿಕೊಂಡು ಮುಂದೆ ಹೋಗು. 2017ರ ಎಚ್‌ಐವಿ ಕಾಯ್ದೆಯಲ್ಲಿ ಗುಟ್ಟು ಕಾಪಾಡಬೇಕು ಅಂತ ಬರೆದಿದ್ದಾರೆ. ಆ ಕಾಯ್ದೆ ಬರುವ ಮೊದಲೇ ನಾವು ಹೀಗೇ ಬದುಕಿದ್ದು.

ನನ್ನ ಹತ್ತಿರ ಮೊದಲು ಬಂದ ಪಿಯರ್ ಬಸ್‌ಸ್ಟ್ಯಾಂಡಿನ ಹಿಂದೆ ಬಂದಳು. ಎಚ್‌ಐವಿ ಅನ್ನಲಿಲ್ಲ, ನಿರೋಧ್ ಅನ್ನಲಿಲ್ಲ. "ನಿನ್ನೆ ರಾತ್ರಿ ಯಾರು ನಿನ್ನ ದುಡ್ಡು ಕಿತ್ತುಕೊಂಡದ್ದು?" ಅಂದಳು. ಅವಳಿಗೆ ಅದು ಹೇಗೆ ಗೊತ್ತಾಯಿತು ಅಂತ ಸಿಟ್ಟೇ ಬಂತು. ಆಮೇಲೆ ಅವಳೂ ನಾನೂ ಲಾಯರನ್ನು ಕರೆದುಕೊಂಡು ಹೋಗಿ ಆ ವಿಷಯ ಮುಗಿಸಿದೆವು. ಅದಾದ ಮೇಲೆಯೇ ನಾನು ಅವಳ ಜೊತೆ ಕ್ಲಿನಿಕ್ಕಿಗೆ ಹೋದದ್ದು. ಆಗ ನಮಗೆ ಕಾಯಿಲೆಯ ಭಯ ದೂರದ್ದು. ಆ ದಿನದ ಹೊಡೆತ ಹತ್ತಿರದ್ದು. ಏಟು ತಪ್ಪಿಸದವಳು ಕಾಯಿಲೆ ತಪ್ಪಿಸುತ್ತೇನೆ ಅಂದರೆ ಯಾರು ನಂಬುತ್ತಾರೆ?

ಮೈಸೂರಿನಲ್ಲೂ ಹಾಗೇ ನಡೆದದ್ದು. 2004ರಲ್ಲಿ ಡಾ. ಸುಷೇಣಾ ರೆಜಾ ಪಾಲ್ ಅವರು ಅಲ್ಲಿ ಕೆಲಸ ಶುರು ಮಾಡಿದಾಗ ಹೆಂಗಸರು ಮೊದಲು ಹೇಳಿಕೊಂಡದ್ದು ಪೊಲೀಸರ, ರೌಡಿಗಳ ಕಾಟವನ್ನೇ. ಅದರಿಂದಲೇ ಆಶೋದಯ ಸಮಿತಿ ಅನ್ನುವ ನಮ್ಮಂಥವರದ್ದೇ ಸಂಘ ಬೆಳೆಯಿತು. ಹೆಂಗಸರು, ಗಂಡಸರು, ಮಂಗಳಮುಖಿಯರು ಎಲ್ಲರೂ ಅದರಲ್ಲಿದ್ದಾರೆ. ನಮ್ಮನ್ನು ಅಲ್ಲಿಗೆ ಟ್ರೈನಿಂಗಿಗೆ ಕಳಿಸಿದ್ದರು. ಪಾಠ ಮಾಡಿದವರೂ ನಮ್ಮಂಥವರೇ. ಚಾರ್ಟು ಹಿಡಿದು ನಿಂತವಳ ಹತ್ತಿರ ನಾನು ಇಂಗ್ಲಿಷ್ ಡಾಕ್ಟರ್ ಎಲ್ಲಿ ಅಂತ ಕೇಳಿದ್ದೆ. "ಇವತ್ತು ನಾನೇ ಡಾಕ್ಟರ್, ಕೂತ್ಕೊ" ಅಂದಳು.

ಅಲ್ಲಿ ಲೆಕ್ಕವೂ ಇದೆ. 2004ರಲ್ಲಿ ಮೈಸೂರಿನ ಲೈಂಗಿಕ ಕಾರ್ಯಕರ್ತೆಯರಲ್ಲಿ ನೂರಕ್ಕೆ 25 ಜನರಿಗೆ ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಇತ್ತು. ಎರಡೂವರೆ ವರ್ಷದಲ್ಲಿ 12ಕ್ಕೆ ಇಳಿಯಿತು. ಎಚ್‌ಐವಿ ಅಷ್ಟು ಬೇಗ ಇಳಿಯಲಿಲ್ಲ, ಒಮ್ಮೆ ಬಂದರೆ ಅದು ಹೋಗುವುದಿಲ್ಲವಲ್ಲ. ಆದರೆ ಏರುವುದು ನಿಂತಿತು. ಆಮೇಲೆ 2016ರಿಂದ 2018ರವರೆಗೆ ಪ್ರೆಪ್ ಮಾತ್ರೆ ಕೊಟ್ಟು ನೋಡಿದರು, ಅಂದರೆ ಎಚ್‌ಐವಿ ಇಲ್ಲದವರು ಬಾರದಿರಲಿ ಅಂತ ದಿನಾ ನುಂಗುವ ಮಾತ್ರೆ. ಮೈಸೂರಿನಲ್ಲಿ ಆಶೋದಯ, ಕೋಲ್ಕತ್ತಾದ ಸೋನಾಗಾಚಿಯಲ್ಲಿ ದುರ್ಬಾರ್, ಅದೂ ಲೈಂಗಿಕ ಕಾರ್ಯಕರ್ತೆಯರದ್ದೇ ಸಂಘ. ಎರಡೂ ಕಡೆ ಸೇರಿ 1,300ಕ್ಕೂ ಜಾಸ್ತಿ ಹೆಂಗಸರು. ಒಬ್ಬರಿಗೂ ಹೊಸದಾಗಿ ಎಚ್‌ಐವಿ ಬರಲಿಲ್ಲ. ಮಾತ್ರೆ ಒಳ್ಳೆಯದೇ. ಆದರೆ ಮಾತ್ರೆ ತಾನೇ ನಡೆದು ಬಾಯಿಗೆ ಹೋಗುವುದಿಲ್ಲ. ವಾಂತಿ ಬಂತು, ಬಿಟ್ಟುಬಿಡುತ್ತೇನೆ ಅಂದವಳ ಮನೆಗೆ ಹೋಗಿ ಕೂರುವವಳು ಬೇಕು. ದುರ್ಬಾರ್ ಹಿಂದೆ ಡಾ. ಸ್ಮರಜಿತ್ ಜಾನಾ ಇದ್ದರು, ಸೋನಾಗಾಚಿಯಲ್ಲಿ 1992ರಲ್ಲೇ ಕೆಲಸ ಶುರು ಮಾಡಿದವರು. 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಅವರು ದೊಡ್ಡವರು ಅಂತ ನಾವು ಒಪ್ಪಿಕೊಂಡದ್ದು, ಅಧಿಕಾರವನ್ನು ಹೆಂಗಸರ ಕೈಗೇ ಬಿಟ್ಟರಲ್ಲ, ಅದಕ್ಕೆ.

ಈಗ ನಮ್ಮ ಸಂಘದವರು. ಖಜಾಂಚಿ ಸಹಿ ಕಲಿತದ್ದೇ ಇಲ್ಲಿಗೆ ಬಂದಮೇಲೆ. ಈಗ ಆಟೋ ಬಿಲ್ಲಿನಲ್ಲಿ ಹತ್ತು ರೂಪಾಯಿ ಜಾಸ್ತಿ ಇದ್ದರೆ ಸಹಿ ಹಾಕುವುದಿಲ್ಲ. ಲೆಕ್ಕದವರೇ, ನಿಮ್ಮ ಕಡೆಯೂ ಇಂಥವಳು ಇದ್ದಿರಬೇಕು! ಒಬ್ಬಳು ಪಿಯರ್‌ಗೆ ಓದಲು ಬರುವುದಿಲ್ಲ. ಚಿತ್ರ ಇರುವ ಡೈರಿಯಲ್ಲಿ ಗುರುತು ಹಾಕುತ್ತಾಳೆ. ತನ್ನ ಪಟ್ಟಿಯ ಅಷ್ಟೂ ಜನ ಯಾರು ಯಾವ ಲಾಡ್ಜಿಗೆ ಹೋಗುತ್ತಾರೆ, ಯಾರ ಗಂಡ ಕುಡಿಯುತ್ತಾನೆ, ಯಾರ ಚೆಕಪ್ ಬಾಕಿ, ಎಲ್ಲಾ ಬಾಯಲ್ಲಿ. ಜಾತ್ರೆ ಬಂದರೆ, ಸಕಲೇಶಪುರದ ಕಡೆ ಕಾಫಿ ಕುಯ್ಲು ಶುರುವಾದರೆ, ಯಾವ ಟೀ ಅಂಗಡಿಯ ಡಬ್ಬಕ್ಕೆ ಎಷ್ಟು ನಿರೋಧ್ ಬೇಕು ಅಂತ ಅವಳು ಮೊದಲೇ ಹೇಳುತ್ತಾಳೆ. ಆ ಟೀ ಅಂಗಡಿಯವನೂ ನಮ್ಮವನೇ ಅಂತ ಇಟ್ಟುಕೋ. ಅವನಿಗೆ ಯಾರೂ ದುಡ್ಡು ಕೊಡುವುದಿಲ್ಲ.

ರಾತ್ರಿ ಫೋನ್ ಇಟ್ಟುಕೊಳ್ಳುವವಳು ಒಬ್ಬಳು ಮಂಗಳಮುಖಿ. ಯಾರನ್ನಾದರೂ ಹಿಡಿದರೆ, ಹೊಡೆದರೆ ಅವಳಿಗೆ ಕರೆ ಹೋಗುತ್ತದೆ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟಿತಲ್ಲ, ನಿರೋಧ್ ಇಟ್ಟುಕೊಂಡದ್ದನ್ನು ಸಾಕ್ಷಿ ಅಂತ ಹಿಡಿಯಬಾರದು ಅಂತ. ಅದರ ಜೆರಾಕ್ಸ್ ಅವಳ ಬ್ಯಾಗಿನಲ್ಲಿ ಸದಾ ಇರುತ್ತದೆ, ಮಡಿಸಿದ ಕಡೆ ಹರಿದಿದೆ. ಅದೇ ಆದೇಶದಿಂದ ವಿಳಾಸದ ಪುರಾವೆ ಇಲ್ಲದವರಿಗೂ ಆಧಾರ್ ಸಿಗುವ ದಾರಿ ಆಯಿತು. ಈಗ ಅವಳ ಅರ್ಧ ದಿನ ಆ ಕಾಗದಗಳಿಗೇ ಹೋಗುತ್ತದೆ.

"ಸುಮ್ನೆ ಕೇಳಿದೆ" ಅವರೇ, ಫಾರಿನ್ ದುಡ್ಡು ಒಂದು ಕಾಲಕ್ಕೆ ಬಂತು, ನಿಜ. 2003ರಲ್ಲಿ ಗೇಟ್ಸ್ ಫೌಂಡೇಶನ್ನಿನ ಆವಾಹನ್ ಅನ್ನುವ ಎಚ್‌ಐವಿ ತಡೆ ಯೋಜನೆ ಬಂತು, ಆಮೇಲೆ ಅದನ್ನು ಸರ್ಕಾರ ವಹಿಸಿಕೊಂಡಿತು. ನಿರೋಧ್ ನೋಡಿ ಯಾರೂ ಈ ಕೆಲಸಕ್ಕೆ ಬರುವುದಿಲ್ಲ ಸ್ವಾಮಿ. ನಾನು ಬಂದದ್ದು ಸಾಲ ನೋಡಿ.

ರಕ್ತ ತೆಗೆಯುವವನು

ಅಕ್ಕ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನಾನು ಐಸಿಟಿಸಿಯಲ್ಲಿ, ಅಂದರೆ ಸರ್ಕಾರದ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಲ್ಯಾಬ್ ಟೆಕ್ನಿಷಿಯನ್. ಸಂಘದ ಕ್ಯಾಂಪಿನಲ್ಲಿ ಬೆರಳು ಚುಚ್ಚಿ ಮಾಡುವುದು ಬರೀ ಸ್ಕ್ರೀನಿಂಗ್. ರಿಯಾಕ್ಟಿವ್ ಬಂದರೆ, ಅಂದರೆ ಸೋಂಕು ಇರಬಹುದು ಅಂತ ತೋರಿಸಿದರೆ, ನಮ್ಮಲ್ಲಿಗೆ ಕಳಿಸುತ್ತಾರೆ. ಇಲ್ಲಿ ಬೇರೆ ಬೇರೆ ಮೂರು ಟೆಸ್ಟ್ ಆದಮೇಲೆಯೇ ಪಾಸಿಟಿವ್ ಅಂತ ಬರೆಯುವುದು. ಈ ಎರಡರ ನಡುವಿನ ಹೊತ್ತು ಇದೆಯಲ್ಲ, ಅಲ್ಲಿ ಜನ ಕಳೆದುಹೋಗುತ್ತಾರೆ. ಬಸ್ ಹತ್ತಿ ಊರಿಗೆ ಹೋಗಿಬಿಡುತ್ತಾರೆ. ಫೋನ್ ಆಫ್ ಮಾಡುತ್ತಾರೆ. ಜೊತೆಗೆ ಪಿಯರ್ ಬಂದಿದ್ದರೆ ಹಾಗಾಗುವುದು ಕಡಿಮೆ. ಅದೇ ಬೆಂಚಿನ ಮೇಲೆ ತಾನೂ ಹಿಂದೆ ಕೂತಿದ್ದೆ ಅಂತ ಅವರು ಹೇಳಬಲ್ಲರು. ನಾನು ಹೇಳಲಾರೆ.

ಪೂರ್ವಿ ಅವರೇ, ಎಚ್‌ಐವಿ ಇರುವವರಿಗೆ ಕೊಡುವ ಎಆರ್‌ಟಿ ಮಾತ್ರೆ 2004ರಿಂದ ಉಚಿತ. 2017ರಿಂದ ಸಿಡಿ4 (ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಕಣ) ಎಷ್ಟೇ ಇರಲಿ, ಪಾಸಿಟಿವ್ ಅಂತ ಗೊತ್ತಾದ ಕೂಡಲೇ ಶುರು ಮಾಡುತ್ತಾರೆ. ತಪ್ಪದೆ ತೆಗೆದುಕೊಂಡು, ರಕ್ತದಲ್ಲಿರುವ ವೈರಸ್ಸು ವೈರಲ್ ಲೋಡ್ ಟೆಸ್ಟಿನಲ್ಲಿ ಕಾಣದಷ್ಟು ಇಳಿದು, ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಇದನ್ನು ನಿಮ್ಮ ತಾಯಿಯವರಿಗೂ ಹೇಳಿ. ಒಟ್ಟಿಗೆ ಊಟ, ಟೀ ಲೋಟ, ಟಾಯ್ಲೆಟ್, ಯಾವುದರಿಂದಲೂ ಬರುವುದಿಲ್ಲ ಅಂತಲೂ ಹೇಳಿ. ಗೊತ್ತಿದೆ ಅನ್ನುತ್ತಾರೆ, ಆದರೂ ಇನ್ನೊಮ್ಮೆ ಹೇಳಿ.

ಒಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗೆ. 1986ರಲ್ಲಿ ಚೆನ್ನೈಯಲ್ಲಿ ಡಾ. ಸುನೀತಿ ಸಾಲೊಮನ್ ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಲೈಂಗಿಕ ಕಾರ್ಯಕರ್ತೆಯರ ರಕ್ತ ತೆಗೆದು ಮನೆಯ ಫ್ರಿಜ್ಜಿನಲ್ಲಿಟ್ಟು, ವೆಲ್ಲೂರಿಗೆ ಒಯ್ದು ಟೆಸ್ಟ್ ಮಾಡಿಸಿದರು. ದೇಶದಲ್ಲಿ ಎಚ್‌ಐವಿ ಮೊದಲು ಗೊತ್ತಾದದ್ದು ಹಾಗೆ. ನಮ್ಮ ಲ್ಯಾಬಿನ ಕೆಲಸ ಶುರುವಾದದ್ದೇ ಆ ಹೆಂಗಸರ ರಕ್ತದಿಂದ. ಅವರೇ ಸಂಘ ನಡೆಸಿದರೆ ಜನಕ್ಕೆ ಯಾಕೆ ಆಶ್ಚರ್ಯ ಅಂತ ನನಗೆ ಅರ್ಥವಾಗುವುದಿಲ್ಲ.

ನಿಪ್ಪಾಣಿ ಕಡೆಯವ

ನಮ್ಮ ಗಡಿ ಕಡೆಯೂ ಒಂದು ದೊಡ್ಡ ಕೆಲಸ ಇದೆ ನೋಡ್ರಿ. ಸಾಂಗ್ಲಿಯಲ್ಲಿ ಮೀನಾ ಶೇಷು ಅವರ ಸಂಗ್ರಾಮ್ ಸಂಸ್ಥೆ, ಅದರಿಂದ 1996ರಲ್ಲಿ ಹುಟ್ಟಿದ ವ್ಯಾಂಪ್, ಅದು ಲೈಂಗಿಕ ಕಾರ್ಯಕರ್ತೆಯರದ್ದೇ ಸಂಘ. ಅಲ್ಲಿಯ ಹೆಂಗಸರಲ್ಲಿ ಬಹಳ ಜನ ಕನ್ನಡದವರು, ದೇವದಾಸಿ ಮನೆತನದವರು. ನಿಪ್ಪಾಣಿಯಲ್ಲೂ ಇದ್ದಾರೆ. ಮರಾಠಿಯಲ್ಲಿ ಮೀಟಿಂಗ್ ಶುರುವಾಗುತ್ತದೆ, ಜಗಳ ಮಾತ್ರ ಕನ್ನಡದಲ್ಲಿ!

ಪೂರ್ವಿ, ಮಂಡ್ಯ

ಇಷ್ಟು ಉತ್ತರ ಬರುತ್ತವೆ ಅಂದುಕೊಂಡಿರಲಿಲ್ಲ. ಅಕ್ಕಾ, ಒಂದೇ ಪ್ರಶ್ನೆ. ಇಷ್ಟೆಲ್ಲಾ ನೀವೇ ಮಾಡುತ್ತೀರಿ ಅಂದಮೇಲೆ ನನ್ನಂಥವಳು ಅಲ್ಲಿ ಯಾಕೆ ಬೇಕು?

ಹಾಸನದ ಅಕ್ಕ

ಬೇಕು ತಂಗಿ. ಕೆಲವು ಮಾತನ್ನು ನಾವು ನಾವೇ ಆಡಿಕೊಳ್ಳಲು ಆಗುವುದಿಲ್ಲ. ಪಿಯರ್‌ಗೇ ಪಾಸಿಟಿವ್ ಬಂದರೆ ಅವಳು ಇನ್ನೊಬ್ಬ ಪಿಯರ್ ಹತ್ತಿರ ಅಳಲಾರಳು. ನಾಳೆ ಜಗಳವಾದರೆ ಅದೇ ಮಾತು ಬೀದಿಗೆ ಬರುತ್ತದೆ ಅಂತ ಭಯ. ನಮ್ಮಲ್ಲೂ ಚಾಡಿ, ಗುಂಪು, ಎಲ್ಲಾ ಇದೆ. ನಾವೇನು ದೇವರಲ್ಲ. ಆಗ ಬಾಗಿಲು ಹಾಕಿಕೊಂಡು ಕೇಳುವ ಹೊರಗಿನವಳು ಬೇಕು. ಮಕ್ಕಳ ಸ್ಕೂಲ್ ಫಾರ್ಮಿನಲ್ಲಿ ಅಪ್ಪನ ಹೆಸರಿನ ಜಾಗಕ್ಕೆ ಏನು ಬರೆಯಬೇಕು ಅಂತ ಕೇಳಲು ಓದಿದವಳು ಬೇಕು. ರಿಪೋರ್ಟು ಇಂಗ್ಲಿಷಿನಲ್ಲಿ ಹೋಗಬೇಕು, ಅದಕ್ಕೂ ಬೇಕು.

ಈಗ ಕೆಲಸ ಮೊದಲಿಗಿಂತ ಕಷ್ಟ. ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವವರು ಕಡಿಮೆ. ಎಲ್ಲಾ ಫೋನಿನಲ್ಲಿ, ವಾಟ್ಸಾಪಿನಲ್ಲಿ. ಹೊಸ ಹುಡುಗಿಯರು ನಮ್ಮ ಮುದುಕಿಯರ ಕಣ್ಣಿಗೇ ಬೀಳುವುದಿಲ್ಲ. ನಿನ್ನ ವಯಸ್ಸಿನವಳು ಮೆಸೇಜ್ ಮಾಡಿದರೆ ಒಂದೆರಡಾದರೂ ಉತ್ತರ ಬರಬಹುದು.

ಮೊದಲ ವಾರ ಸಲಹೆ ಕೊಡಬೇಡ. ಯಾವಾಗ ಬಿಟ್ಟೆ, ಯಾಕೆ ಬಿಡಲಿಲ್ಲ ಅಂತ ಯಾರನ್ನೂ ಕೇಳಬೇಡ. ಫೀಲ್ಡಿಗೆ ಹೋಗುವಾಗ ಪಿಯರ್ ಮುಂದೆ, ನೀನು ಹಿಂದೆ. ಚಪ್ಪಲಿ ಗಟ್ಟಿ ಇರಲಿ. ಗಂಡಿನ ಕಡೆಯವರಿಗೆ ಎಲ್ಲಾ ಬಿಡಿಸಿ ಹೇಳುವುದು ಬೇಡ ಅಂತ ಅಮ್ಮನಿಗೆ ಹೇಳು, ಆರೋಗ್ಯ ಇಲಾಖೆಯ ಯೋಜನೆ ಅಂದರೆ ಸುಳ್ಳೇನೂ ಆಗುವುದಿಲ್ಲ. ಸಂಬಳ ತಡವಾದಾಗ ನಮ್ಮ ಖಜಾಂಚಿಯಂಥವಳು ಅಲ್ಲೂ ಒಬ್ಬಳು ಇದ್ದೇ ಇರುತ್ತಾಳೆ. ಅವಳ ಹತ್ತಿರ ಕೈಸಾಲ ಕೇಳು, ಕೊಡುತ್ತಾಳೆ. ಬರೆದಿಟ್ಟುಕೊಳ್ಳುತ್ತಾಳೆ ಕೂಡ.