ಹೆಡ್‌ಫೋನಲ್ಲೇ ಮಿಕ್ಸಿಂಗ್: ಕರೆಕ್ಷನ್ ಸಾಕಾ, ಸ್ಟುಡಿಯೋ ಸಿಮ್ಯುಲೇಶನ್ನೂ ಬೇಕಾ?

ಶಿರಸಿ_ಸ್ವರ:
ವಾರವಿಡೀ ಬೆಂಗಳೂರಿನ ಪಿಜಿ, ರಜೆಗೆ ಊರು. ಎರಡೂ ಕಡೆ ಸ್ಪೀಕರ್ ಇಡೋ ಹಾಗಿಲ್ಲ. ಇರೋದು ವಿಂಡೋಸ್ ಲ್ಯಾಪ್‌ಟಾಪು, ರೀಪರ್ ಅನ್ನೋ ರೆಕಾರ್ಡಿಂಗ್-ಮಿಕ್ಸಿಂಗ್ ಸಾಫ್ಟ್‌ವೇರು, ಆಡಿಯೋ-ಟೆಕ್ನಿಕಾ ಎಂ50ಎಕ್ಸ್ ಹೆಡ್‌ಫೋನು. ಒಂದು ತಾಳಮದ್ದಲೆ ರೆಕಾರ್ಡಿಂಗ್ ಮಿಕ್ಸ್ ಮಾಡ್ತಿದೀನಿ. ಹೆಡ್‌ಫೋನಲ್ಲಿ ಮದ್ದಲೆ ಗುಂಡಗೆ ಕೇಳುತ್ತೆ, ಅಪ್ಪನ ಕಾರಲ್ಲಿ ಬರೀ ಟಕಟಕ. ಹೆಡ್‌ಫೋನಿನ ಸದ್ದು ಸರಿಮಾಡೋ (ಕರೆಕ್ಷನ್) ಸೌಂಡ್‌ಐಡಿ ರೆಫರೆನ್ಸ್ ತಗೊಳ್ಳಲಾ, ಸ್ಟುಡಿಯೋ ಸ್ಪೀಕರ್ ಮುಂದೆ ಕೂತ ಹಾಗೆ ಕೇಳಿಸೋ (ಸಿಮ್ಯುಲೇಶನ್) ಸ್ಲೇಟ್ ವಿಎಸ್‌ಎಕ್ಸ್ ತಗೊಳ್ಳಲಾ?

ಮಂದ್ರ_ಮದ್ದಲೆ:
ಸದ್ಯಕ್ಕೆ ಎರಡೂ ಬೇಡ, ದುಡ್ಡು ಜೇಬಲ್ಲಿರಲಿ. ಎಂ50ಎಕ್ಸ್ ಬಾಸನ್ನ ಧಾರಾಳವಾಗಿ ಕೊಡೋ ಹೆಡ್‌ಫೋನು. ಇಲ್ಲಿ ಜಾಸ್ತಿ ಆಯ್ತು ಅಂತ ನೀವು ಮದ್ದಲೆಯ ಎಡಮುಖದ ಗುಂಕಾರ ಕೊಯ್ದುಬಿಡ್ತೀರಿ, ಕಾರಲ್ಲಿ ಅದು ಇರೋದೇ ಇಲ್ಲ. ಕರೆಕ್ಷನ್ ಅಂದ್ರೆ ಆ ಉಬ್ಬುತಗ್ಗನ್ನ ಉಲ್ಟಾ ಈಕ್ಯೂ (ಬಾಸ್, ಟ್ರೆಬಲ್ ಏರಿಳಿಸೋದು) ಹಾಕಿ ಸಮ ಮಾಡೋದು, ಅಷ್ಟೇ. ಹೆಡ್‌ಫೋನುಗಳ ಈಕ್ಯೂ ಸೆಟ್ಟಿಂಗ್ ಕೊಡೋ ಆಟೋಈಕ್ಯೂನಲ್ಲಿ ಎಂ50ಎಕ್ಸ್‌ದು ಪುಕ್ಕಟೆ ಸಿಗುತ್ತೆ.

ಸಿಮ್ಯುಲೇಶನ್ ಬೇರೆ ಕೆಲಸ. ಎಡ ಸ್ಪೀಕರಿನ ಸದ್ದು ಬಲಗಿವಿಗೂ ಹೋಗುತ್ತೆ, ಸುಮಾರು ಕಾಲು ಮಿಲಿಸೆಕೆಂಡ್ ತಡವಾಗಿ, ತಲೆ ಅಡ್ಡ ಇರೋದರಿಂದ ತುಸು ಮಂಕಾಗಿ. ಹೆಡ್‌ಫೋನಲ್ಲಿ ಈ ಸೋರಿಕೆ ಇಲ್ಲ. ಪೂರ್ತಿ ಬಲಕ್ಕೆ ಪ್ಯಾನ್ ಮಾಡಿದ ಚಂಡೆ ಕಿವಿಯೊಳಗೇ ಬಡಿಯೋದು ಅದಕ್ಕೇ. ವಿಎಸ್‌ಎಕ್ಸ್ ಥರದವು ಆ ಸೋರಿಕೆ, ಕೋಣೆಯ ಪ್ರತಿಫಲನ ಎರಡನ್ನೂ ಸೇರಿಸ್ತವೆ. ಆದರೆ ಅದು ನಿಮ್ಮ ತಲೆ, ನಿಮ್ಮ ಕಿವಿ ಅಳೆದು ಮಾಡಿದ್ದಲ್ಲ. ಕೆಲವರಿಗೆ ಭಾಗವತರು ಎದುರಿಗೆ ಕೂರೋ ಬದಲು ನೆತ್ತಿ ಮೇಲೆ ಕೂರ್ತಾರೆ! ಪ್ಯಾನು, ರಿವರ್ಬ್ ನೋಡೋಕೆ ನಾನು ಬಳಸ್ತೀನಿ. ಈಕ್ಯೂ ತೀರ್ಮಾನ ಅದರಲ್ಲಿ ಮಾಡಲ್ಲ. ವಿಎಸ್‌ಎಕ್ಸ್ ತನ್ನದೇ ಹೆಡ್‌ಫೋನಿಗೆ ಮಾಡಿದ್ದು ಬೇರೆ, ನಿಮ್ಮ ಎಂ50ಎಕ್ಸ್ ಮೂಲೆಗೆ.

ಕರೆಕ್ಷನ್ನನ್ನ ಮಾಸ್ಟರ್ ಟ್ರ್ಯಾಕಿಗೆ (ಎಲ್ಲ ಸದ್ದೂ ಸೇರೋ ಕೊನೇ ಟ್ರ್ಯಾಕು) ಹಾಕಬೇಡಿ, ರೆಂಡರ್ ಮಾಡಿದಾಗ, ಅಂದ್ರೆ ಕೊನೇ ಫೈಲ್ ತೆಗೆದಾಗ, ಹಾಡಿಗೇ ಅಂಟಿಕೊಳ್ಳುತ್ತೆ. ರೀಪರಲ್ಲಿ ಮಾನಿಟರಿಂಗ್ ಎಫ್‌ಎಕ್ಸ್ ಅಂತ ಇದೆ, ಅಲ್ಲಿ ಹಾಕಿದ್ದು ರೆಂಡರಿಗೆ ಹೋಗಲ್ಲ. ಆನ್-ಆಫ್ ಮಾಡಿ ಹೋಲಿಸುವಾಗ ವಾಲ್ಯೂಮ್ ಸಮ ಮಾಡ್ಕೊಳ್ಳಿ. ಜೋರಿದ್ದದ್ದೇ ಚೆಂದ ಅನಿಸುತ್ತೆ.

ಶಿರಸಿ_ಸ್ವರ:
ರಾತ್ರಿ ಬಸ್ಸಲ್ಲೂ ಕೂತು ಮಾಡಬಹುದಾ?

ಮಂದ್ರ_ಮದ್ದಲೆ:
ಎಡಿಟಿಂಗ್ ಮಾಡಿ, ಕೆಮ್ಮು ತೆಗೀರಿ. ಬಾಸ್ ಮುಟ್ಟಬೇಡಿ. ಇಂಜಿನ್ ಗುಡುಗು ಕೆಳಗಿನ ಸದ್ದನ್ನೆಲ್ಲ ಮುಚ್ಚುತ್ತೆ, ಯಾವ ಕರೆಕ್ಷನ್ನೂ ಅದನ್ನ ತೆಗೆಯಲ್ಲ. ಕನ್ನಡಕ ಹಾಕ್ತೀರಾ? ಕಡ್ಡಿ ಪಕ್ಕದಿಂದ ಪ್ಯಾಡ್ ಬಿಟ್ಟುಕೊಂಡರೂ ಬಾಸ್ ಸೋರುತ್ತೆ.

ಕುಂದಾಪುರ_ಕಿವಿ:
ಕಾರಿನ ಜೊತೆ ಫೋನ್ ಸ್ಪೀಕರಲ್ಲೂ ಕೇಳಿ ಮಾರಾಯ್ರೆ. ತಾಳಮದ್ದಲೆ ಕೇಳುವವರು ಅಡುಗೆಮನೆ ಕಟ್ಟೆ ಮೇಲೆ ಫೋನ್ ಇಟ್ಟೇ ಕೇಳೂದು. ಅರ್ಥಧಾರಿಗಳ ಮಾತು ಅಲ್ಲಿ ಸ್ಪಷ್ಟ ಬರ್ಬೇಕು.

ಶಿರಸಿ_ಸ್ವರ:
ಕನ್ನಡಕ ಇದೆ, ದಪ್ಪ ಕಡ್ಡಿಯದ್ದೇ. ಆಟೋಈಕ್ಯೂ ಹಾಕಿ ಮದ್ದಲೆ ಮತ್ತೆ ಶುರು ಮಾಡ್ತೀನಿ.